ಸಂದೇಹಕ್ಕೆ ಬೇಕಾದ ಸಂಸ್ಕಾರ

ಭಾದ್ರಪದ ಶುಕ್ಲ ಚತುರ್ಥಿಯಂದು ಗಣಪತಿಯ ಪೂಜೆ ಮುಗಿದು ಕಡುಬಿನ ನೈವೇದ್ಯವಾದ ಮೇಲೆ, ಮನೆಯವರೆಲ್ಲರ ಕೈಗೆ ಮಂತ್ರಾಕ್ಷತೆಯನ್ನು ಕೊಟ್ಟು ಕೂರಿಸಿ, ಹಿರಿಯರೊಬ್ಬರು ಸ್ಯಮಂತಕೋಪಾಖ್ಯಾನವನ್ನು ಓದಿ ಹೇಳುವ ಪದ್ಧತಿ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಉಂಟು. ಚೌತಿಯ ಚಂದ್ರನನ್ನು ಕಂಡವರಿಗೆ ಒದಗುವ ಮಿಥ್ಯಾಪವಾದದ ದೋಷವು ಆ ಕಥಾಶ್ರವಣದಿಂದ ಪರಿಹಾರವಾಗುವುದೆಂಬುದು ಅದರ ಹಿಂದಿನ ನಂಬಿಕೆ. ಆ ಕಥೆಯನ್ನು ಭಕ್ತಿಯಿಂದ ಕೇಳುತ್ತ ಬಂದವರೆಲ್ಲರೂ, ತಿಳಿದೋ ತಿಳಿಯದೆಯೋ, ಸುವ್ಯವಸ್ಥಿತವಾದ ಒಂದು ಅಪರಾಧಶೋಧನೆಯ ವೃತ್ತಾಂತವನ್ನೇ ವರ್ಷ ವರ್ಷವೂ ಕೇಳಿದ್ದಾರೆ. ಸತ್ರಾಜಿತನಲ್ಲಿದ್ದ ಮಣಿಯನ್ನು ಉಗ್ರಸೇನ ಮಹಾರಾಜನಿಗೆ ಕೊಡೆಂದು ಕೃಷ್ಣನು ಹಿಂದೊಮ್ಮೆ ಕೇಳಿದ್ದುಂಟು, ಸತ್ರಾಜಿತನು ಕೊಡಲಿಲ್ಲ. ಅವನ ತಮ್ಮನಾದ ಪ್ರಸೇನನು ಆ ಮಣಿಯನ್ನು ಧರಿಸಿ ಬೇಟೆಗೆ ಹೋದವನು ಮರಳಿ ಬಾರದೆ ಹೋದಾಗ, ಮಣಿಯನ್ನು ಬಯಸಿದ್ದವನೇ ಅದನ್ನು ಅಪಹರಿಸಿರಬೇಕೆಂಬ ಮಾತು ಕಿವಿಯಿಂದ ಕಿವಿಗೆ ಹರಿದು ದ್ವಾರಕೆಯನ್ನೆಲ್ಲ ವ್ಯಾಪಿಸಿತು. ಕೃಷ್ಣನು ಆ ಅಪವಾದಕ್ಕೆ ಕೋಪದಿಂದಲಾಗಲಿ ಅಧಿಕಾರದಿಂದಲಾಗಲಿ ಉತ್ತರ ಕೊಡಲಿಲ್ಲ. ಊರ ಜನರನ್ನೇ ಜೊತೆಗೆ ಕರೆದುಕೊಂಡು ಕಾಡಿಗೆ ಹೋಗಿ, ಸತ್ತು ಬಿದ್ದಿದ್ದ ಪ್ರಸೇನನನ್ನೂ ಅವನ ಕುದುರೆಯನ್ನೂ ಕಂಡು, ಅಲ್ಲಿಂದ ಸಿಂಹದ ಹೆಜ್ಜೆಗಳನ್ನನುಸರಿಸಿ ಸತ್ತ ಸಿಂಹವನ್ನು ಕಂಡು, ಅಲ್ಲಿಂದ ಕರಡಿಯ ಹೆಜ್ಜೆಗಳನ್ನನುಸರಿಸಿ ಜಾಂಬವಂತನ ಗುಹೆಯನ್ನು ಮುಟ್ಟಿದನು. ಅನಂತರ ಮಣಿಯನ್ನು ತಂದು ತುಂಬಿದ ಸಭೆಯಲ್ಲಿ ಸತ್ರಾಜಿತನಿಗೆ ಒಪ್ಪಿಸಿದನು. ಅಪವಾದ ಹುಟ್ಟಿದ್ದು ಜನರ ನಡುವೆ. ಅದು ನೀಗಿದ್ದೂ ಜನರ ಕಣ್ಣೆದುರಿಗೇ.

ಈ ಪ್ರಾಚೀನ ಕಥೆಯಲ್ಲಿ ಅಡಗಿರುವ ವಿವೇಕವನ್ನು ನಮ್ಮ ಕಾಲಕ್ಕೆ ಮರಳಿ ದೊರಕಿಸಿಕೊಳ್ಳಲು ಅತ್ಯಂತ ಸುಲಭವೂ ಸಂತೋಷಕರವೂ ಆದ ಒಂದು ಮಾರ್ಗವಿದೆ ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಊರಿನ ಹತ್ತು ಹನ್ನೆರಡು ಮಂದಿ ವಾರಕ್ಕೊಮ್ಮೆ ಒಂದೆಡೆ ಕುಳಿತು, ಸೌಮ್ಯ ಸ್ವಭಾವದ ಒಂದು ಪತ್ತೇದಾರಿ ಕಾದಂಬರಿಯನ್ನು ಅಧ್ಯಾಯ ಅಧ್ಯಾಯವಾಗಿ ಓದಿ ಚರ್ಚಿಸುವುದೇ ಆ ಮಾರ್ಗ. ಇದನ್ನು ಕಾಲಹರಣವೆಂದು ಬಗೆಯುವವರಿದ್ದಾರೆ. ನಾನಾದರೋ ಇದನ್ನು ಸಂದೇಹವೆಂಬ ಮನೋವೃತ್ತಿಗೆ ಸಂಸ್ಕಾರ ಕೊಡುವ ಒಂದು ಅಭ್ಯಾಸವೆಂದೂ, ನಂಜನಗೂಡು ತಾಲ್ಲೂಕಿನ ಕಳಲೆಯಂಥ ಊರುಗಳ ಗ್ರಂಥಾಲಯಗಳು ಕೈಗೊಳ್ಳಬೇಕಾದ ಕಾರ್ಯಗಳಲ್ಲಿ ಮುಖ್ಯವಾದುದೆಂದೂ ದೃಢವಾಗಿ ನಂಬಿದ್ದೇನೆ.

ಇಂಗ್ಲಿಷಿನಲ್ಲಿ ‘ಕೋಝಿ ಮಿಸ್ಟರಿ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಕಥಾಪ್ರಕಾರದ ಲಕ್ಷಣಗಳು ಸರಳವಾದವು. ಘಟನೆ ನಡೆಯುವುದು ಒಂದು ಚಿಕ್ಕ ಊರಿನಲ್ಲಿ; ಅಲ್ಲಿನ ಜನ ಒಬ್ಬರನ್ನೊಬ್ಬರು ಬಲ್ಲವರು; ರಕ್ತಪಾತವೂ ಕ್ರೌರ್ಯವೂ ತೆರೆಯ ಹಿಂದೆ ಉಳಿಯುತ್ತವೆ; ಪತ್ತೆ ಮಾಡುವವರು ಪೊಲೀಸ್ ಅಧಿಕಾರಿಗಳಲ್ಲ, ಊರಿನವರೇ ಆದ ಯಾರೋ ಒಬ್ಬರು ಸೂಕ್ಷ್ಮಮತಿಗಳು; ಕೊನೆಯಲ್ಲಿ ನಿರಪರಾಧಿಗಳ ಮೇಲಿನ ಕಳಂಕ ತೊಡೆದುಹೋಗಿ ಊರು ತನ್ನ ನಿತ್ಯಜೀವನಕ್ಕೆ ಹಿಂದಿರುಗುತ್ತದೆ. 66 ಪತ್ತೇದಾರಿ ಕಾದಂಬರಿಗಳನ್ನು ಬರೆದ ಅಗಾಥಾ ಕ್ರಿಸ್ಟಿಯವರು (1890–1976) ಸೃಷ್ಟಿಸಿದ ಮಿಸ್ ಮಾರ್ಪಲ್ ಎಂಬ ವೃದ್ಧೆ ಈ ಪರಂಪರೆಯ ಆದ್ಯಮಾತೃಕೆಗಳಲ್ಲಿ ಒಬ್ಬಳು. ಆಕೆ ಮೊದಲು ಕಾಣಿಸಿಕೊಂಡದ್ದು 1927ರ ಒಂದು ಸಣ್ಣಕಥೆಯಲ್ಲಿ. ಆ ಮಾಲೆಯ ಕಥೆಗಳು 1932ರಲ್ಲಿ ಪುಸ್ತಕವಾಗಿ ಬಂದವು. ನಮ್ಮ ವಿಷಯಕ್ಕೆ ಆ ಕಥೆಯ ಸನ್ನಿವೇಶವೇ ಅತ್ಯಂತ ಪ್ರಸ್ತುತವಾದುದು. ಒಬ್ಬ ಲೇಖಕ, ಒಬ್ಬ ಚಿತ್ರಕಲಾವಿದೆ, ಒಬ್ಬ ಪಾದ್ರಿ, ಒಬ್ಬ ವಕೀಲ, ಪೊಲೀಸ್ ಇಲಾಖೆಯಿಂದ ನಿವೃತ್ತನಾದ ಒಬ್ಬ ಉನ್ನತಾಧಿಕಾರಿ, ಇವರೆಲ್ಲರೂ ಮಂಗಳವಾರದ ರಾತ್ರಿಗಳಲ್ಲಿ ಮಾರ್ಪಲಳ ಮನೆಯಲ್ಲಿ ಸೇರಿ, ಸರದಿಯ ಪ್ರಕಾರ ಒಬ್ಬೊಬ್ಬರು ತಮಗೆ ಉತ್ತರ ತಿಳಿದಿರುವ ಒಂದು ರಹಸ್ಯವನ್ನು ಹೇಳಬೇಕು, ಉಳಿದವರು ಅದನ್ನು ಬಿಡಿಸಬೇಕು ಎಂದು ಗೊತ್ತುಪಡಿಸಿಕೊಳ್ಳುತ್ತಾರೆ. ಲೋಕಾನುಭವವೂ ಪದವಿಗಳೂ ಇದ್ದವರು ತಪ್ಪಿದೆಡೆಯಲ್ಲಿ, ಮೂಲೆಯಲ್ಲಿ ಕುಳಿತು ಉಣ್ಣೆ ಹೆಣೆಯುತ್ತಿದ್ದ ಆ ಮುದುಕಿ, ತನ್ನ ಹಳ್ಳಿಯಲ್ಲಿ ಯಾವಾಗಲೋ ನಡೆದ ಸಣ್ಣ ಸಂಗತಿಯೊಂದನ್ನು ನೆನೆದು, ಮನುಷ್ಯಸ್ವಭಾವ ಎಲ್ಲೆಡೆಯೂ ಒಂದೇ ಎಂಬ ಆಧಾರದ ಮೇಲೆ ಸತ್ಯವನ್ನು ಕಂಡುಹಿಡಿಯುತ್ತಾಳೆ. ಹಳ್ಳಿಯ ಬದುಕನ್ನು ಕಣ್ಣಿಟ್ಟು ನೋಡಿದವರಿಗೆ ಜಗತ್ತನ್ನು ಅರಿಯುವ ಶಕ್ತಿಯುಂಟೆಂಬ ಈ ಗೌರವ ನಮ್ಮ ಹಳ್ಳಿಗಳಿಗೂ ಸಲ್ಲತಕ್ಕದ್ದು. ಈ ಪ್ರಕಾರವು ಒಬ್ಬಂಟಿಯಾಗಿ ಓದುವವರಿಗಿಂತ ಕೂಟದಲ್ಲಿ ಓದುವವರಿಗೆ ಹೆಚ್ಚು ಒಪ್ಪುವುದೆಂಬುದೂ ಅದರಿಂದಲೇ ವಿದಿತವಾಗುತ್ತದೆ.

ಕೂಡಿ ಓದುವುದು ಕನ್ನಡಿಗರಿಗೆ ಹೊಸತಲ್ಲ. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಒಬ್ಬರು ರಾಗವಾಗಿ ವಾಚಿಸಿ ಮತ್ತೊಬ್ಬರು ಅರ್ಥ ಹೇಳುತ್ತಿದ್ದ ಗಮಕದ ಕೂಟಗಳಲ್ಲಿ, ಅಕ್ಷರ ಬಾರದವರೂ ಪಂಡಿತರಿಗೆ ಸಮನಾಗಿ ಕಾವ್ಯದ ರಸವನ್ನು ಹೀರುತ್ತಿದ್ದರು. ಮಳೆ ಹಿಂದೆಗೆದ ವರ್ಷ ಊರವರೆಲ್ಲ ಸೇರಿ ವಿರಾಟಪರ್ವವನ್ನು ಓದಿಸುವ ಸಂಪ್ರದಾಯ ನಮ್ಮ ಗ್ರಾಮಗಳದು. ಆ ಪರ್ವವೇ ವೇಷಮರೆಸಿಕೊಂಡವರ ಕಥೆಯೆಂಬುದನ್ನೂ, ಕೀಚಕನನ್ನು ಇರುಳಿನಲ್ಲಿ ಕೊಂದವರಾರೆಂಬ ಪ್ರಶ್ನೆಯೇ ಅದರ ಮಧ್ಯದ ಗಂಟೆಂಬುದನ್ನೂ, ಅಷ್ಟು ಬಲಶಾಲಿಯನ್ನು ಬರಿಗೈಯಿಂದ ಕೊಲ್ಲಬಲ್ಲವನು ಭೀಮನಲ್ಲದೆ ಮತ್ತಾರೆಂಬ ತರ್ಕದಿಂದ ಕೌರವರು ಪಾಂಡವರ ಇರವನ್ನು ಊಹಿಸಿದರೆಂದು ಜನ ಹೇಳಿಕೊಂಡು ಬಂದಿರುವುದನ್ನೂ ನೆನೆದರೆ, ಕುರುಹಿನಿಂದ ಕರ್ತೃವನ್ನು ಊಹಿಸುವ ಬೌದ್ಧಿಕ ಸುಖ ನಮ್ಮ ಜಗಲಿಗಳಿಗೆ ಎಂದೂ ಅಪರಿಚಿತವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಮುದ್ರಿತ ಪತ್ತೇದಾರಿ ಕಾದಂಬರಿಯ ವಿಷಯಕ್ಕೆ ಬಂದರೆ, ನಂಜನಗೂಡಿನ ನೆಲಕ್ಕೆ ಅದರೊಡನೆ ವಿಶೇಷವಾದ ಸಂಬಂಧವೇ ಇದೆ. ಕನ್ನಡ ಚಳವಳಿಯ ಸೇನಾನಿಯೆಂದು ಖ್ಯಾತರಾದ, ಇಂದು ಪ್ರತಿ ನವೆಂಬರಿನಲ್ಲಿ ಊರೂರಿನಲ್ಲಿ ಹಾರುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು 1918ರಲ್ಲಿ ಜನಿಸಿದ್ದು ನಂಜನಗೂಡಿನಲ್ಲಿ. ‘ವೀರಕೇಸರಿ’ ಸೀತಾರಾಮ ಶಾಸ್ತ್ರಿಗಳ ಪುತ್ರರಾದ ಅವರು ಪತ್ರಕರ್ತರಾಗಿಯೂ ಚಳವಳಿಗಾರರಾಗಿಯೂ ದುಡಿಯುತ್ತಲೇ ನೂರಕ್ಕೂ ಮೀರಿದ ಪತ್ತೇದಾರಿ ಕಾದಂಬರಿಗಳನ್ನು ಬರೆದು, ಕನ್ನಡ ಪುಸ್ತಕವನ್ನು ಕೊಂಡು ಓದುವ ಸಾಮಾನ್ಯ ಜನರ ಒಂದು ದೊಡ್ಡ ಸಮೂಹವನ್ನೇ ನಿರ್ಮಿಸಿದವರಲ್ಲಿ ಒಬ್ಬರು. 1967ರ ಡಿಸೆಂಬರಿನಲ್ಲಿ, ತಮ್ಮ ತೋಟದಲ್ಲಿ ತೋಡಿಸುತ್ತಿದ್ದ ಬಾವಿ ಕುಸಿದು, ಇಬ್ಬರು ಮಕ್ಕಳೊಡನೆ ಅವರು ಅಕಾಲಮೃತ್ಯುವಿಗೆ ತುತ್ತಾದರು. ಬಾವುಟವನ್ನು ಕಟ್ಟಿದ ರಾಮಮೂರ್ತಿಯವರನ್ನು ನಾಡು ನೆನೆಯುತ್ತದೆ. ಕಥೆ ಕಟ್ಟಿದ ರಾಮಮೂರ್ತಿಯವರನ್ನು ಅವರ ತವರು ತಾಲ್ಲೂಕೇ ನೆನೆಯುವುದಿಲ್ಲವೆಂಬುದು ಖೇದಕರ. ಆದರೆ ಆ ಎರಡೂ ಕೆಲಸಗಳ ಹಿಂದೆ ಇದ್ದ ಅಭಿಮಾನ ಒಂದೇ. ಕನ್ನಡವು ಜನರ ನಾಲಗೆಯ ಮೇಲೆ ಉಳಿಯಬೇಕಾದರೆ ಅದು ಅವರ ಬಿಡುವಿನ ವೇಳೆಯನ್ನೂ ಗೆಲ್ಲಬೇಕಲ್ಲವೇ?

ಅವರ ಸಮಕಾಲೀನರಾದ ಎನ್. ನರಸಿಂಹಯ್ಯನವರು ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಯನ್ನು ದಾಟದಿದ್ದರೂ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಬೇಕೆಂಬ ಆಸೆಯಿಂದಲೇ ಓದಿನ ರುಚಿ ಹತ್ತಿಸಿಕೊಂಡವರು ಅನೇಕರು. ಅನಂತರದ ತಲೆಮಾರಿನಲ್ಲಿ ಟಿ. ಕೆ. ರಾಮರಾಯರು ರಹಸ್ಯವನ್ನು ಮಲೆನಾಡಿನ ತೋಟದ ಮನೆಗಳಿಗೂ ಕೌಟುಂಬಿಕ ಸಂಬಂಧಗಳ ಒಳಗೂ ತಂದು, ಕುತೂಹಲದ ಜೊತೆಗೆ ಹದವಾದ ಗದ್ಯವನ್ನೂ ಕೊಟ್ಟರು. 1972ರ ‘ಬಂಗಾರದ ಮನುಷ್ಯ’ ಚಲನಚಿತ್ರದ ಮೂಲ ಕಾದಂಬರಿಯನ್ನು ಬರೆದವರೆಂದು ಮಾತ್ರ ಅವರನ್ನು ಬಲ್ಲವರು, ಅವರ ಪತ್ತೇದಾರಿ ಕೃತಿಗಳನ್ನು ಓದಿದರೆ ಕನ್ನಡದಲ್ಲಿ ಸೌಮ್ಯವಾದ ರಹಸ್ಯಕಥನ ಎಷ್ಟು ಸಹಜವಾಗಿ ಬೇರೂರಬಲ್ಲುದೆಂಬುದನ್ನು ಕಾಣುವರು. ವಾರಪತ್ರಿಕೆಗಳ ಧಾರಾವಾಹಿಗಳ ಕಾಲದಲ್ಲಿ ಒಂದು ಪ್ರತಿ ಬೀದಿಯ ನಾಲ್ಕಾರು ಮನೆಗಳನ್ನು ಸುತ್ತಿ, ಮುಂದಿನ ಸಂಚಿಕೆ ಬರುವವರೆಗೂ ಬಾವಿಕಟ್ಟೆಯಲ್ಲಿಯೂ ಹಿತ್ತಿಲ ಬೇಲಿಯ ಬಳಿಯಲ್ಲಿಯೂ ಊಹಾಪೋಹಗಳು ನಡೆಯುತ್ತಿದ್ದುವು. ಅದು ಹೆಸರಿಲ್ಲದ ವಾಚನಗೋಷ್ಠಿಯೇ ಆಗಿತ್ತು. ಅದಕ್ಕೆ ಈಗ ಒಂದು ಹೆಸರನ್ನೂ ಸ್ಥಳವನ್ನೂ ಕೊಡುವುದಷ್ಟೇ ಉಳಿದಿದೆ.

ಆ ಸ್ಥಳವಾಗಲು ಕಳಲೆ ಸರ್ವಥಾ ಯೋಗ್ಯವಾದ ಊರು. ಹದಿನೇಳನೆಯ ಶತಮಾನದಿಂದ ಮೈಸೂರಿನ ಸಿಂಹಾಸನಕ್ಕೆ ದಳವಾಯಿಗಳನ್ನು ಕೊಟ್ಟ ಮನೆತನದ ನೆಲೆಯಿದು. ಲಕ್ಷ್ಮೀಕಾಂತಸ್ವಾಮಿಯ ದೇವಾಲಯ ಇಂದಿಗೂ ಆ ವೈಭವಕ್ಕೆ ಸಾಕ್ಷಿಯಾಗಿ ನಿಂತಿದೆ. ಆ ವಂಶದ ನಂಜರಾಜಯ್ಯನು ತಾನೇ ಕನ್ನಡದಲ್ಲಿ ಪುರಾಣಕಥನಗಳನ್ನು ರಚಿಸಿದವನು. ನೃಸಿಂಹಕವಿಯ ‘ನಂಜರಾಜಯಶೋಭೂಷಣ’ವೆಂಬ ಸಂಸ್ಕೃತ ಅಲಂಕಾರಗ್ರಂಥ ಅವನ ಹೆಸರನ್ನೇ ಹೊತ್ತಿದೆ. ಅದೇ ದಳವಾಯಿಗಳು 1734ರಲ್ಲಿ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗದ ಸೆರೆಗೆ ಕಳುಹಿಸಿದರು. ಆ ದೊರೆ ಅಲ್ಲಿಯೇ ಮೃತನಾದನು. ವಿದ್ಯೆಯೂ ಒಳಸಂಚೂ ಒಂದೇ ಮನೆತನದ ಚರಿತ್ರೆಯಲ್ಲಿ ಹೀಗೆ ಹೆಣೆದುಕೊಂಡಿರುವ ಊರಿನವರಿಗೆ, ಮನುಷ್ಯನು ಏನನ್ನು ಯಾವ ಕಾರಣಕ್ಕಾಗಿ ಮಾಡುತ್ತಾನೆಂಬ ಪ್ರಶ್ನೆ ಪುಸ್ತಕದಿಂದ ಮಾತ್ರ ಬರುವುದಲ್ಲ. ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ದೇವಾಲಯಗಳನ್ನೇ ಮುಚ್ಚಿದ ಮರಳಿಗೆ ಜನ ಅಲಮೇಲಮ್ಮನ ಶಾಪವನ್ನೂ, ವಿದ್ವಾಂಸರು ನದಿ ಮತ್ತು ಗಾಳಿಯ ಗತಿಯನ್ನೂ ಕಾರಣವಾಗಿ ಹೇಳುತ್ತಾರೆ; ಒಂದೇ ಸಂಗತಿಗೆ ಎರಡು ವಿವರಣೆಗಳನ್ನು ಎದುರೆದುರು ಇಟ್ಟು ತೂಗುವ ಅಭ್ಯಾಸಕ್ಕೆ ಈ ಸೀಮೆಯಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಓದಿನ ವ್ಯವಸ್ಥೆಯ ಪರಂಪರೆಯೂ ಇಲ್ಲಿ ಇದೆ. ಸಾವಿರದ ಒಂಬೈನೂರ ನಲವತ್ತರ ದಶಕದಲ್ಲಿ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಗಳಲ್ಲಿ ಅಕ್ಷರಪ್ರಚಾರವನ್ನೂ ಗ್ರಾಮ ಗ್ರಂಥಾಲಯಗಳನ್ನೂ ಆರಂಭಿಸಿ, ನಂಜನಗೂಡಿನಲ್ಲಿ ಗ್ರಾಮೀಣ ಯುವಜನರಿಗಾಗಿ ವಿದ್ಯಾಪೀಠವನ್ನು ತೆರೆದಾಗ, ಅಕ್ಷರ ಕಲಿತ ವಯಸ್ಕನು ಮುಂದೆ ಏನನ್ನು ಓದಬೇಕೆಂಬುದೂ ಅದರ ಚಿಂತೆಗಳಲ್ಲಿ ಒಂದಾಗಿತ್ತು. ಆ ಪ್ರಶ್ನೆಗೆ ನಾವು ಇನ್ನೂ ಪೂರ್ಣವಾದ ಉತ್ತರವನ್ನು ಕೊಟ್ಟಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಬ್ಬನೇ ಕುಳಿತು ಪತ್ತೇದಾರಿ ಕಾದಂಬರಿ ಓದುವವನು ಕೊನೆಯ ಪುಟದ ಕಡೆಗೆ ಧಾವಿಸುತ್ತಾನೆ. ನಡುವೆ ಅವನ ಊಹೆ ತಪ್ಪಾದರೆ ಅದನ್ನು ಅವನೇ ಮರೆತುಬಿಡುತ್ತಾನೆ. ಕೂಟದಲ್ಲಿ ಓದುವವನಿಗೆ ಆ ಸ್ವಾತಂತ್ರ್ಯವಿಲ್ಲ. ನಾಲ್ಕು ಜನರೆದುರು ಇಂಥವನ ಮೇಲೆ ನನಗೆ ಅನುಮಾನ ಎಂದು ಆಡಿದ ಮಾತಿಗೆ ಅವನು ಆಧಾರ ಹೇಳಬೇಕಾಗುತ್ತದೆ. ಆ ಆಧಾರ ಕಥೆಯ ಯಾವ ಪುಟದಲ್ಲಿದೆಯೆಂದು ತೋರಿಸಬೇಕಾಗುತ್ತದೆ. ಮತ್ತೊಬ್ಬರು ಅದೇ ಪುಟವನ್ನು ಬೇರೆ ರೀತಿಯಲ್ಲಿ ಅರ್ಥಮಾಡಿದಾಗ ಕೇಳಬೇಕಾಗುತ್ತದೆ. ಮುಂದಿನ ವಾರ ಆ ಅನುಮಾನ ಸುಳ್ಳಾದಾಗ ಅದನ್ನು ಎಲ್ಲರೆದುರಿಗೆ ಹಿಂತೆಗೆದುಕೊಳ್ಳಬೇಕಾಗುತ್ತದೆ. ಆಡಿದ ಅನುಮಾನವನ್ನು ಹಿಂತೆಗೆದುಕೊಳ್ಳುವ ಈ ಅಭ್ಯಾಸ ನಮ್ಮ ಸಾರ್ವಜನಿಕ ಜೀವನದಲ್ಲಿ ಎಷ್ಟು ದುರ್ಲಭವೆಂಬುದನ್ನು ವಿವರಿಸಬೇಕಾಗಿಲ್ಲ. ಪುಸ್ತಕದ ಪಾತ್ರಗಳ ಮೇಲೆ ಅದನ್ನು ರೂಢಿಸಿಕೊಂಡರೆ ಯಾರ ಮಾನಕ್ಕೂ ಹಾನಿಯಿಲ್ಲ; ರೂಢಿಯಾದ ಮೇಲೆ ಅದು ನೆರೆಹೊರೆಯವರ ಮಾನವನ್ನು ಕಾಯುತ್ತದೆ.

ಹಳ್ಳಿಯ ಮನೆಯಲ್ಲಿ ಒಂದು ಮೂಗುತಿಯೋ ಒಂದು ಸರವೋ ಕಾಣೆಯಾದಾಗ ಏನು ನಡೆಯುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ಮೊದಲು ಹೆಸರು ಬರುವುದು ಮನೆಗೆಲಸಕ್ಕೆ ಬರುವ ಹೆಣ್ಣುಮಗಳದು. ಅನಂತರ ಅಂಜನ ಹಾಕಿಸುವುದು, ಕಣಿ ಕೇಳುವುದು, ದೇವರ ಮುಂದೆ ಆಣೆ ಮಾಡಿಸುವುದು. ವಸ್ತು ಅಟ್ಟದ ಮೇಲೋ ಅಕ್ಕಿಯ ಡಬ್ಬದಲ್ಲೋ ಸಿಕ್ಕಿದ ಮೇಲೂ, ಆ ಹೆಣ್ಣುಮಗಳ ಮೇಲೆ ಬಿದ್ದ ನೆರಳನ್ನು ತೆಗೆದುಹಾಕಲು ಯಾರೂ ಮನೆಮನೆಗೆ ಹೋಗಿ ಹೇಳುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಾವು ಸಲೀಸಾಗಿ ಬಳಸುತ್ತೇವೆ. ಆದರೆ ಹಿಂದೆ ಹತ್ತು ಸಲ ಕಾರಣವಿಲ್ಲದೆ ಕಳ್ಳನೆನಿಸಿಕೊಂಡ ಬಡವನೂ ಭಯದಿಂದ ಹೆಗಲನ್ನು ಮುಟ್ಟಿಕೊಳ್ಳಬಹುದಲ್ಲವೇ ಎಂದು ಕೇಳುವವರು ವಿರಳ. ಒಳ್ಳೆಯ ಪತ್ತೇದಾರಿ ಕಾದಂಬರಿಕಾರನು ಕೇಳುವುದು ಈ ಪ್ರಶ್ನೆಯನ್ನೇ. ತಬ್ಬಿಬ್ಬಾದವನು, ಉತ್ತರ ಕೊಡಲು ತಡವರಿಸಿದವನು, ಸುಳ್ಳು ಹೇಳಿದವನು ಕೂಡ ಕೊಲೆಗಾರನಲ್ಲದೆ ಇರಬಹುದು. ಬೇರೆ ಯಾವುದೋ ಸಂಕೋಚವನ್ನೋ ದುಃಖವನ್ನೋ ಅವನು ಮುಚ್ಚಿಡುತ್ತಿರಬಹುದು ಎಂಬುದನ್ನು ಆ ಕಥೆಗಳು ಪದೇ ಪದೇ ತೋರಿಸುತ್ತವೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಇನ್ನೊಂದು ಗಾದೆಯೂ ನಮ್ಮಲ್ಲಿಯೇ ಹುಟ್ಟಿದ್ದು. ಅದನ್ನು ಬಾಯಲ್ಲಿ ಹೇಳಿ ಬಿಡದೆ ಕಥೆಯ ಮೂಲಕ ಅನುಭವಕ್ಕೆ ತಂದುಕೊಳ್ಳುವುದಕ್ಕೆ ಇಂಥ ಕೂಟವೇ ಸಾಧನ.

ಈ ಶಿಕ್ಷಣದ ಅಗತ್ಯ ಕೇವಲ ಮೂಗುತಿಗಳಿಗೆ ಸಂಬಂಧಿಸಿದ್ದಲ್ಲ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಗುಂಪೊಂದು, ಕಾರಿನಲ್ಲಿ ಬಂದಿದ್ದ ಹೈದರಾಬಾದಿನ ಯುವ ಇಂಜಿನಿಯರೊಬ್ಬರನ್ನು ಹೊಡೆದು ಕೊಂದಿತು. ಅವರ ಜೊತೆಗಾರರು ತೀವ್ರವಾಗಿ ಗಾಯಗೊಂಡರು. ಅದೇ ವರ್ಷದ ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಅಂಥದೇ ವದಂತಿಗೆ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬ ಯುವಕ ಬಲಿಯಾದನು. ಆ ಜನರ ಕೈಯಲ್ಲಿ ಇದ್ದ ಸಾಕ್ಷ್ಯವೇನು? ಅಪರಿಚಿತ ಮುಖ, ಫೋನಿನಲ್ಲಿ ಬಂದ ಸಂದೇಶ, ಯಾರೋ ಕೂಗಿದ ಕೂಗು. ಒಂದು ಕ್ಷಣ ನಿಂತು, ಇದನ್ನು ಹೇಳಿದವರು ಯಾರು, ಅವರು ಅದನ್ನು ಕಣ್ಣಾರೆ ಕಂಡರೇ, ಕಾಣೆಯಾದ ಮಗುವಾದರೂ ಯಾವುದು ಎಂದು ಮೂರು ಪ್ರಶ್ನೆಗಳನ್ನು ಕೇಳುವವರು ಗುಂಪಿನಲ್ಲಿ ನಾಲ್ವರಿದ್ದಿದ್ದರೆ ಆ ಪ್ರಾಣಗಳು ಉಳಿಯುತ್ತಿದ್ದುವೇನೋ. ಕಾದಂಬರಿಯೊಂದನ್ನು ಓದಿದ ಮಾತ್ರಕ್ಕೆ ಗುಂಪು ಸಜ್ಜನರ ಸಭೆಯಾಗುವುದೆಂದು ನಾನು ಹೇಳಲಾರೆ. ಆದರೆ ಪ್ರಶ್ನೆ ಕೇಳುವ ನಾಲ್ವರು ಯಾವ ಊರಿನಲ್ಲಿಯೂ ತಾವಾಗಿಯೇ ಹುಟ್ಟಿಬರುವುದಿಲ್ಲ. ಶಾಂತಿಯ ದಿನಗಳಲ್ಲಿ ಆ ಅಭ್ಯಾಸ ಬೆಳೆದಿದ್ದರೆ ಮಾತ್ರ ಸಂಕಟದ ದಿನ ಅದು ನೆರವಿಗೆ ಬರುತ್ತದೆ.

ನಾವು ಮೊದಲು ಯಾರನ್ನು ಶಂಕಿಸುತ್ತೇವೆ ಎಂಬುದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗುರುತು ಹಾಕಿತು. 1952ರಲ್ಲಿ ಆ ಗುರುತನ್ನು ಕಾನೂನು ಅಳಿಸಿತಾದರೂ ಊರಿನ ಮನಸ್ಸು ಇನ್ನೂ ಪೂರ್ಣವಾಗಿ ಅಳಿಸಿಲ್ಲ. ಹಳೆಯ ಪತ್ತೇದಾರಿ ಕಾದಂಬರಿಗಳೂ ಈ ದೋಷದಿಂದ ಮುಕ್ತವಾಗಿಲ್ಲ. ಇಂಗ್ಲಿಷ್ ಕೃತಿಗಳಲ್ಲಿ ಪರದೇಶಿಯನ್ನೂ ಆಳುಮಕ್ಕಳನ್ನೂ, ನಮ್ಮ ಕೃತಿಗಳಲ್ಲಿ ಬೈರಾಗಿಯನ್ನೂ ಪರಸ್ಥಳದವನನ್ನೂ ಮೊದಲ ನೋಟಕ್ಕೇ ಭಯಂಕರರನ್ನಾಗಿ ಚಿತ್ರಿಸಿದ್ದುಂಟು. ಆದುದರಿಂದಲೇ ಇವನ್ನು ಕೂಟದಲ್ಲಿ ಓದಬೇಕು. ಕೂಲಿಕಾರನೂ ಶಾನುಭೋಗರ ಮೊಮ್ಮಗನೂ, ಸ್ತ್ರೀಶಕ್ತಿ ಸಂಘದ ಹೆಂಗಸರೂ ಕಾಲೇಜಿನ ಹುಡುಗರೂ ಒಂದೇ ಚಾಪೆಯ ಮೇಲೆ ಕುಳಿತು ಓದುವಾಗ, ಅಡಿಗೆಯವಳನ್ನೇ ಎಲ್ಲರೂ ಏಕೆ ಮೊದಲು ಅನುಮಾನಿಸಿದರು ಎಂದು ಒಬ್ಬಳು ಕೇಳಿದರೆ, ಆ ಒಂದು ಪ್ರಶ್ನೆ ಹತ್ತು ಭಾಷಣಗಳಿಗಿಂತ ಆಳವಾಗಿ ನಾಟುತ್ತದೆ. ಕೂಟದಲ್ಲಿ ಎಲ್ಲ ಕೇರಿಗಳವರೂ ಇರಬೇಕೆಂಬುದು ಈ ಕಾರಣದಿಂದ ಸೌಜನ್ಯದ ಮಾತಷ್ಟೇ ಆಗದೆ ಪದ್ಧತಿಯ ಪ್ರಾಣವೇ ಆಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡು ಗಣನೀಯವಾದವು. ಮರಣವನ್ನು ವಿನೋದದ ವಸ್ತುವಾಗಿಸುವುದು ಹೃದಯವನ್ನು ಒರಟಾಗಿಸದೇ ಎಂಬುದು ಮೊದಲನೆಯದು. ಕ್ರೌರ್ಯವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿ ರಂಜಿಸುವ ಕೃತಿಗಳ ವಿಷಯದಲ್ಲಿ ಈ ಆಕ್ಷೇಪ ನ್ಯಾಯವಾದುದು. ಅಂಥವನ್ನು ಗ್ರಾಮದ ಕೂಟಕ್ಕೆ ತರಬಾರದು. ಸೌಮ್ಯ ಪ್ರಕಾರದಲ್ಲಾದರೋ ಕಥೆಯ ಗಮನವೆಲ್ಲ ಉಳಿದವರ ಮೇಲಿರುತ್ತದೆ. ಒಬ್ಬರ ಸಾವಿನಿಂದ ಕದಡಿದ ಊರು ಪರಸ್ಪರ ನಂಬಿಕೆಯನ್ನು ಹೇಗೆ ಮರಳಿ ಪಡೆಯುತ್ತದೆ ಎಂಬುದೇ ಅಲ್ಲಿನ ಚಿಂತೆ. ಇದು ಕೆಳದರ್ಜೆಯ ಸಾಹಿತ್ಯ, ಇದರ ಬದಲು ಮಹಾಕೃತಿಗಳನ್ನೇ ಓದಿಸಬಾರದೇ ಎಂಬುದು ಎರಡನೆಯ ಆಕ್ಷೇಪ. ಮಹಾಕೃತಿಗಳನ್ನು ಓದಿಸಬೇಕೆಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ದಿನದ ದುಡಿಮೆ ಮುಗಿಸಿ, ಹಾಲಿನ ಡೇರಿಗೆ ಹಾಲು ಹಾಕಿ ಬಂದು ಕೂರುವವರನ್ನು ಮೊದಲ ವಾರವೇ ಕಠಿನವಾದ ಗ್ರಂಥದ ಎದುರಿಗೆ ಕೂರಿಸಿದರೆ ಎರಡನೆಯ ವಾರಕ್ಕೆ ಚಾಪೆ ಬರಿದಾಗುತ್ತದೆ. ಮುಂದೇನಾಯಿತೆಂಬ ಕುತೂಹಲವೇ ಅಕ್ಷರದ ಕಡೆಗೆ ಕೈಹಿಡಿದು ನಡೆಸುವ ಮೊದಲ ಗುರು.

ಆ ಗುರು ಮುಂದಿನ ಮೆಟ್ಟಿಲಿಗೂ ಒಯ್ಯಬಲ್ಲನು. ಪತ್ತೇದಾರಿ ಕಥೆಗಳ ಅಂತ್ಯ ಜೀವನಕ್ಕಿಂತ ಅಚ್ಚುಕಟ್ಟಾಗಿರುತ್ತದೆ ಎಂಬುದು ಸತ್ಯ. ಅಪರಾಧಿ ಒಬ್ಬನೇ ಎಂದೂ, ಅವನು ಸಿಕ್ಕಿದೊಡನೆ ಊರು ಶುದ್ಧವಾಯಿತೆಂದೂ ಅವು ಹೇಳುತ್ತವೆ. ಇಂಥ ನಾಲ್ಕೈದು ಕಾದಂಬರಿಗಳನ್ನು ಓದಿದ ಕೂಟ, ಅನಂತರ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನು ಕೈಗೆತ್ತಿಕೊಳ್ಳಲಿ. 1985ರಲ್ಲಿ ಪ್ರಕಟವಾಗಿ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಕಾದಂಬರಿಯೂ ಒಂದು ಸಾವಿನ ತನಿಖೆಯಿಂದಲೇ ಹೊರಡುತ್ತದೆ. ಕೆಸರೂರೆಂಬ ಅದರ ಊರಿನಲ್ಲಿಯೂ ಎಲ್ಲರೂ ಎಲ್ಲರನ್ನೂ ಶಂಕಿಸುತ್ತಾರೆ. ಆದರೆ ಅಲ್ಲಿ ಜಾತಿ ಮತಗಳ ದ್ವೇಷಗಳಲ್ಲಿಯೂ ವದಂತಿಗಳಲ್ಲಿಯೂ ಮುಳುಗಿದ ಜನ ಕಾಡಿನಿಂದ ಬರುತ್ತಿರುವ ಬೆಂಕಿಯನ್ನೇ ಕಾಣದೆ ಹೋಗುತ್ತಾರೆ. ಸಂಸ್ಕಾರವಿಲ್ಲದ ಸಂದೇಹ ಒಂದು ಊರನ್ನು ಎಲ್ಲಿಗೆ ಮುಟ್ಟಿಸುವುದೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಸಮರ್ಥವಾದ ಕಥನ ನನಗೆ ತೋರದು. ಸುಲಭವಾದ ರಹಸ್ಯಗಳನ್ನು ಬಿಡಿಸಿ ಅಭ್ಯಾಸವಾದವರಿಗೆ ಬಿಡಿಸಲಾಗದ ಈ ರಹಸ್ಯದ ಗಾಂಭೀರ್ಯ ತಾನಾಗಿಯೇ ಮನದಟ್ಟಾಗುವುದು.

ಕಾರ್ಯಕ್ರಮ ನಡೆಸುವ ವಿಧಾನವೂ ಕಷ್ಟದ್ದಲ್ಲ, ವೆಚ್ಚದ್ದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವು ಆಸ್ತಿತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ತೆರುತ್ತಲೇ ಇದ್ದೇವೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದ ಮೇಲೆ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳನ್ನು ಆಕರ್ಷಿಸಿವೆ. ವಯಸ್ಕರನ್ನು ಕರೆತರುವ ಕೆಲಸ ಉಳಿದಿದೆ. ವಾರದಲ್ಲಿ ಒಂದು ಸಂಜೆ, ದೀಪ ಹಚ್ಚಿದ ಮೇಲೆ ಒಂದು ಗಂಟೆ ಸಾಕು. ಒಂದೇ ಪ್ರತಿಯಿದ್ದರೂ ಸಾಕು. ಚೆನ್ನಾಗಿ ಓದಬಲ್ಲವರೊಬ್ಬರು ಗಟ್ಟಿಯಾಗಿ ಓದಲಿ, ಓದು ಬಾರದವರು ಕೇಳಲಿ. ರಹಸ್ಯ ಬಯಲಾಗುವ ಅಧ್ಯಾಯದ ಹಿಂದಿನ ಅಧ್ಯಾಯದಲ್ಲಿ ಪುಸ್ತಕವನ್ನು ಮುಚ್ಚಿ, ಒಂದು ವಾರವಿಡೀ ಅದನ್ನು ಮೇಲ್ವಿಚಾರಕರ ಬೀರುವಿನಲ್ಲಿಟ್ಟು, ಮುಂದಿನ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಅನುಮಾನವನ್ನೂ ಅದರ ಆಧಾರವನ್ನೂ ಹೇಳಿದ ಮೇಲೆಯೇ ಕೊನೆಯ ಅಧ್ಯಾಯವನ್ನು ಓದಬೇಕು. ಓದಿದ ಮೇಲೆ, ಯಾರ ಊಹೆ ನಿಜವಾಯಿತೆಂಬುದಕ್ಕಿಂತ, ನಿರಪರಾಧಿಗಳಲ್ಲಿ ಯಾರನ್ನು ನಾವು ಅನ್ಯಾಯವಾಗಿ ಶಂಕಿಸಿದೆವು, ಏಕೆ ಶಂಕಿಸಿದೆವು ಎಂಬುದನ್ನು ಮಾತಾಡಬೇಕು. ನಿಯಮಗಳು ಇಷ್ಟೇ.

ಇನ್ನು ಪುಸ್ತಕಗಳ ಮಾತು. ಮ. ರಾಮಮೂರ್ತಿಯವರ ಕಾದಂಬರಿಗಳು ಇಂದು ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಕೃತಿಸ್ವಾಮ್ಯದ ಕಾಯಿದೆಯಂತೆ ಲೇಖಕನು ತೀರಿಕೊಂಡ ವರ್ಷ ಕಳೆದು ಅರವತ್ತು ವರ್ಷಗಳು ತುಂಬಿದ ಮೇಲೆ ಅವನ ಕೃತಿಗಳು ಸಮಸ್ತ ಜನರ ಸ್ವತ್ತಾಗುತ್ತವೆ. 1967ರಲ್ಲಿ ಅಗಲಿದ ರಾಮಮೂರ್ತಿಯವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳನ್ನು 2028ರ ಜನವರಿ 1ರಿಂದ ಯಾರು ಬೇಕಾದರೂ ಮುದ್ರಿಸಬಹುದು. ಆ ದಿನ ಬರುವ ಮುನ್ನವೇ, ಹಳೆಯ ಮನೆಗಳ ಅಟ್ಟಗಳಲ್ಲಿಯೂ ಹಳೆಯ ಪುಸ್ತಕದಂಗಡಿಗಳಲ್ಲಿಯೂ ಉಳಿದಿರಬಹುದಾದ ಪ್ರತಿಗಳನ್ನು ಹುಡುಕಿ ಕೂಡಿಹಾಕುವ ಹೊಣೆಯನ್ನು ನಂಜನಗೂಡು ತಾಲ್ಲೂಕಿನ ಓದುಗರೂ ಕನ್ನಡ ಸಂಘಗಳೂ ಹೊರಬೇಕು. ಅವುಗಳಲ್ಲಿ ಉತ್ತಮವಾದುವನ್ನು ಆರಿಸಿ ಸುಲಭ ಬೆಲೆಗೆ ಅಚ್ಚುಮಾಡಿಸುವ ಹೊಣೆ ಕನ್ನಡ ಪುಸ್ತಕ ಪ್ರಾಧಿಕಾರದ್ದು. ಈ ಲೇಖನವನ್ನು ಓದಿದವರ ಮನೆಯಲ್ಲಿ ಅಂಥ ಒಂದು ಹಳೆಯ ಪುಸ್ತಕವಿದ್ದರೆ, ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ; ನಿಮ್ಮ ಊರಿನ ಪಂಚಾಯತಿ ಗ್ರಂಥಾಲಯಕ್ಕೆ ಕೊಡಿ, ಕೊಟ್ಟು ಮರಳಿ ಬಾರದೆ ಅಲ್ಲಿಯೇ ನಾಲ್ಕು ಜನರನ್ನು ಕೂರಿಸಿಕೊಂಡು ಮೊದಲ ಅಧ್ಯಾಯವನ್ನು ಓದಿ.